ಇಂಜಿನ್ನಿನ ನೀರು ಕದ್ದವರು

ನಮ್ಮ ಮನೆಯ ಎಲ್ಲಕ್ಕಿಂತ ದೊಡ್ಡ ಕೋಣೆಯಲ್ಲಿ ಮನುಷ್ಯರು ಇರುತ್ತಿರಲಿಲ್ಲ, ಒಂದು ಡೀಸೆಲ್ ಇಂಜಿನ್ ಇರುತ್ತಿತ್ತು. ಜರಗನಹಳ್ಳಿಯಲ್ಲಿ, ಕನಕಪುರ ರಸ್ತೆಯಿಂದ ಒಳಕ್ಕೆ ತಿರುಗಿದ ಬೀದಿಯಲ್ಲಿ, ಮುಂದುಗಡೆ ಹಿಟ್ಟಿನ ಗಿರಣಿ, ಅದರ ಹಿಂದೆ ಇಂಜಿನ್ ಶೆಡ್ಡು, ಶೆಡ್ಡಿನ ಗೋಡೆಗೆ ಅಂಟಿಕೊಂಡು ಒಂದು ಬಾಡಿಗೆ ಕೋಣೆ, ಇವೆಲ್ಲ ಮುಗಿದ ಮೇಲೆ ಉಳಿದ ಜಾಗದಲ್ಲಿ ನಾವು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುತ್ತಿತ್ತು. ನಡುಮನೆಯಲ್ಲಿ ಅಪ್ಪ, ಅಮ್ಮ, ನಾನು ಸಾಲಾಗಿ ಮಲಗುತ್ತಿದ್ದೆವು. ಇಂಜಿನ್ ಮಾತ್ರ ಎತ್ತರದ ಹೆಂಚಿನ ಮಾಡಿನ ಕೆಳಗೆ, ಸಿಮೆಂಟ್ ಕಟ್ಟೆಯ ಮೇಲೆ, ಗಾಳಿ ಬೆಳಕು ಎರಡನ್ನೂ ಅನುಭವಿಸುತ್ತ ಕೂತಿರುತ್ತಿತ್ತು. ಶುಕ್ರವಾರ ಬೆಳಿಗ್ಗೆ ಅಮ್ಮ ಒಲೆ ಹಚ್ಚುವ ಮೊದಲು ಶೆಡ್ಡು ಗುಡಿಸಿ, ಇಂಜಿನ್ನಿಗೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಬೇಕಿತ್ತು. ಅದಾದ ಮೇಲೆ ಹೂವು ಉಳಿದರೆ ಅಮ್ಮನ ತಲೆಗೆ, ಉಳಿಯದಿದ್ದರೆ ಇಲ್ಲ.

ಇಂಜಿನ್ ತಂದವರು ದೊಡ್ಡಪ್ಪ, ನಮ್ಮಪ್ಪನ ಅಣ್ಣ. ದೊಡ್ಡಮ್ಮ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ, ಊಟ ತಿಂಡಿ ಎಲ್ಲ ನಮ್ಮ ಅಡುಗೆಮನೆಯಲ್ಲೇ. ಹೊಲಗಳು ಸೈಟುಗಳಾದ ಮೇಲೆ ಗಿರಣಿ ಹಾಕಿದವರು ಅವರಾದ್ದರಿಂದ ಮನೆಯಲ್ಲಿ ಯಾವುದು ಸರಿ ಯಾವುದು ತಪ್ಪು ಎಂದು ಹೇಳುವ ಹಕ್ಕೂ ಅವರದೇ ಆಗಿತ್ತು. ಹಿಟ್ಟಿನ ಧೂಳಿನ ನಡುವೆಯೂ ಅವರು ಬಿಳಿ ಪಂಚೆ, ಬಿಳಿ ಅಂಗಿಯನ್ನೇ ಉಡುತ್ತಿದ್ದರು. ಅದನ್ನು ಬಿಳಿಯಾಗಿ ಇಡುವ ಕೆಲಸ ಅಮ್ಮನದು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಹೋದರೆ ಗಿರಣಿ ನಿಲ್ಲುತ್ತಿತ್ತು, ಗೋಧಿ ರಾಗಿ ತಂದವರು ಡಬ್ಬ ಹೊತ್ತು ಸಾರಕ್ಕಿಯ ಬೇರೆ ಗಿರಣಿಯ ಕಡೆಗೆ ನಡೆಯುತ್ತಿದ್ದರು. ಅದಕ್ಕೆ ದೊಡ್ಡಪ್ಪ ಯಾರೋ ಗುಜರಿಯವನ ಹತ್ತಿರ ಈ ಇಂಜಿನ್ ಹಿಡಿದರು. ಕರಾವಳಿಯ ಮೀನಿನ ದೋಣಿಯೊಂದರಿಂದ ಬಿಚ್ಚಿ ತಂದದ್ದು. ಲಾರಿಯಿಂದ ಇಳಿಸಿದ ದಿನ ಬೀದಿಯವರೆಲ್ಲ ನೋಡಲು ಬಂದಿದ್ದರು.

"ಇದು ಸಮುದ್ರ ಕಂಡಿರೋ ಇಂಜಿನ್ನು. ನಮ್ಮ ಕರೆಂಟಿನವರಿಗೆಲ್ಲ ಹೆದರಲ್ಲ," ಎಂದು ದೊಡ್ಡಪ್ಪ ಅದರ ಬೆನ್ನು ತಟ್ಟಿದ್ದರು. ಅಪ್ಪನ ಬೆನ್ನನ್ನು ಅವರು ಹಾಗೆ ತಟ್ಟಿದ್ದು ನಾನು ನೋಡಿಲ್ಲ.

ಆ ಇಂಜಿನ್ನಿಗೆ ಎರಡು ನೀರು ಬೇಕಿತ್ತು. ಇದು ಅರ್ಥವಾಗದಿದ್ದರೆ ಮುಂದೆ ನಡೆದ ಅನ್ಯಾಯ ಅರ್ಥವಾಗುವುದಿಲ್ಲ. ಮೊದಲನೆಯದು ಒಳನೀರು. ಮೇಲೆ ಒಂದು ಸಣ್ಣ ತೊಟ್ಟಿ, ಅದಕ್ಕೆ ಕುಕ್ಕರಿನ ಮುಚ್ಚಳದಂಥ ಬಿಗಿ ಮುಚ್ಚಳ. ಆ ನೀರು ಇಂಜಿನ್ನಿನ ಮೈಯೊಳಗೇ ಸುತ್ತಿ, ಬಿಸಿಯಾಗಿ, ಪಕ್ಕದಲ್ಲಿದ್ದ ಹಿತ್ತಾಳೆಯ ಡ್ರಮ್ಮಿಗೆ ಬಂದು ತಣ್ಣಗಾಗಿ ಮತ್ತೆ ಒಳಗೆ ಹೋಗುತ್ತಿತ್ತು. ಡ್ರಮ್ಮಿನೊಳಗೆ ಸಣ್ಣ ಸಣ್ಣ ಕೊಳವೆಗಳಿದ್ದವು. ಎರಡನೆಯ ನೀರು ಆ ಕೊಳವೆಗಳಲ್ಲಿ ಹರಿದು, ಒಳನೀರನ್ನು ಮುಟ್ಟದೆಯೇ ಅದರ ಬಿಸಿ ಹೀರಿಕೊಂಡು ಹೊರಗೆ ಹೋಗುತ್ತಿತ್ತು. ದೋಣಿಯಲ್ಲಿದ್ದಾಗ ಈ ಎರಡನೆಯ ನೀರು ಸಮುದ್ರದ್ದು. ನಮ್ಮ ಮನೆಯಲ್ಲಿ ಅದಕ್ಕಾಗಿ ಅಂಗಳದಲ್ಲಿ ಒಂದು ಸಿಮೆಂಟ್ ತೊಟ್ಟಿ ಕಟ್ಟಿಸಿದ್ದರು. ತೊಟ್ಟಿಯಿಂದ ಹೋದ ನೀರು ಅದೇ ತೊಟ್ಟಿಗೆ ಬಂದು ಬೀಳುತ್ತಿತ್ತು. ಬೀದಿ ನಲ್ಲಿಯಲ್ಲಿ ನೀರು ಬಂದಾಗ ಅದನ್ನು ತುಂಬುವವರು ಅಮ್ಮ ಮತ್ತು ನಾನು. ಮೊದಲು ಇಂಜಿನ್ನಿನ ತೊಟ್ಟಿ, ಆಮೇಲೆ ನಮ್ಮ ಹಂಡೆ.

ಒಳನೀರು ಕಡಿಮೆಯಾಗಬಾರದು. ಮುಚ್ಚಿದ ಪಾತ್ರೆಯ ನೀರು ಎಲ್ಲಿಗೂ ಹೋಗುವಂತಿಲ್ಲ. ಆದರೆ ಬೇಸಿಗೆ ಶುರುವಾಗುವ ಹೊತ್ತಿಗೆ ಅದು ಹೋಗತೊಡಗಿತು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ದೊಡ್ಡಪ್ಪ ಮುಚ್ಚಳ ತೆಗೆದು ನೋಡಿದರೆ ಹಿಂದಿನ ದಿನ ಕಂಠಪೂರ್ತಿ ತುಂಬಿದ ಮೇಲಿನ ಸಣ್ಣ ತೊಟ್ಟಿಯ ತಳ ಕಾಣುತ್ತಿತ್ತು. ಒಂದು ದಿನ ಗಿರಣಿ ನಡೆಯುತ್ತಿರುವಾಗಲೇ ಇಂಜಿನ್ ಕಾದು, ಸುಟ್ಟ ಬಣ್ಣದ ವಾಸನೆ ಬಂದು, ನಿಲ್ಲಿಸಬೇಕಾಯಿತು. ರಸ್ತೆಯ ಮೇಲೆ ಲಾರಿ ರಿಪೇರಿ ಮಾಡುತ್ತಿದ್ದ ಮಣಿಯನ್ನು ಕರೆಸಿದರು. ಮಣಿ ಪ್ರಾಮಾಣಿಕ ಮನುಷ್ಯ. ರಬ್ಬರ್ ಪೈಪುಗಳನ್ನೆಲ್ಲ ಬೆರಳಿಂದ ಸವರಿ ನೋಡಿದ, ಒಣಗಿದ್ದವು. ಆಯಿಲ್ ಕಡ್ಡಿ ಎಳೆದು ನೋಡಿದ, ಎಣ್ಣೆ ಕಪ್ಪಗೆ ಶುದ್ಧವಾಗಿತ್ತು, ನೀರು ಬೆರೆತು ಮಜ್ಜಿಗೆಯಂತೆ ಆಗಿರಲಿಲ್ಲ. ಇಂಜಿನ್ ಓಡಿಸಿ ಹೊಗೆ ನೋಡಿದ, ನೀರು ಆವಿಯಾಗಿ ಬರುವ ಬಿಳಿ ಹೊಗೆ ಇರಲಿಲ್ಲ. ಮುಚ್ಚಳದ ರಬ್ಬರನ್ನೂ ಬದಲಾಯಿಸಿದ.

"ಇಂಜಿನ್ ಹೆಡ್ಡು ಸರಿಯಾಗಿದೆ ಸಾರ್. ಆಯಿಲ್‌ಗೆ ಹೋಗಿಲ್ಲ, ಹೊಗೇಲಿ ಹೋಗಿಲ್ಲ, ಕೆಳಗೆ ಒಂದು ತೊಟ್ಟೂ ಇಲ್ಲ. ಈ ಡ್ರಮ್ಮು ಲಾರೀಲಿ ಇರಲ್ಲ, ಇದರ ಸಮಾಚಾರ ನಂಗೊತ್ತಿಲ್ಲ," ಎಂದು ಕೈ ಒರೆಸಿಕೊಂಡು ಹೋದ.

ಮಣಿ ತನಗೆ ಗೊತ್ತಿಲ್ಲ ಎಂದ. ದೊಡ್ಡಪ್ಪನ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ. ಇಂಜಿನ್ನಿನಲ್ಲಿ ದೋಷವಿಲ್ಲ ಎಂದರೆ ದೋಷ ಮನುಷ್ಯರಲ್ಲಿರಬೇಕು ಎಂದು ಅವರು ತೀರ್ಮಾನಿಸಿದರು. ಮನುಷ್ಯರಲ್ಲೂ ಯಾರಲ್ಲಿ ಎಂದು ಹುಡುಕಲು ಅವರಿಗೆ ದೂರ ಹೋಗಬೇಕಾಗಲಿಲ್ಲ.

ಬಾಡಿಗೆ ಕೋಣೆಯಲ್ಲಿ ಕಸ್ತೂರಿ ಇದ್ದಳು. ವಿಜಾಪುರದ ಕಡೆಯವಳು. ಗಂಡ ಈರಣ್ಣ ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ವಾಚ್‌ಮನ್. ಮಗಳು ಇನ್ನೂ ಕೂರಲು ಬಾರದ ಕೂಸು. ಕಸ್ತೂರಿ ಸಂಜೆ ಬಾಗಿಲಲ್ಲಿ ಕೂತು ರೊಟ್ಟಿ ಬಡಿಯುವ ಸದ್ದು ಕೇಳಿದರೆ ನಾನು ಪುಸ್ತಕ ಮಡಚಿ ಅಲ್ಲಿಗೆ ಓಡುತ್ತಿದ್ದೆ. ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ, ಎಣ್ಣೆ ಹಾಕಿ ಕೊಡುತ್ತಿದ್ದಳು. ಅವಳ ಕೋಣೆಗೂ ಶೆಡ್ಡಿಗೂ ಒಂದೇ ಗೋಡೆ. ಇಂಜಿನ್ನಿನ ಕೆಳಗೆ ನೀರು ಖಾಲಿ ಮಾಡಲು ಒಂದು ಸಣ್ಣ ನಲ್ಲಿ ಇತ್ತು. ಇಷ್ಟು ಸಾಕಾಯಿತು. ಕೂಸಿನ ಸ್ನಾನಕ್ಕೆ ಬಿಸಿನೀರು ಬೇಕು, ಇಂಜಿನ್ನಿನಲ್ಲಿ ಬಿಸಿನೀರು ಇದೆ, ಆದ್ದರಿಂದ ಅವಳು ಕದಿಯುತ್ತಾಳೆ. ದೊಡ್ಡಪ್ಪನ ತಲೆಯಲ್ಲಿ ಲೆಕ್ಕ ಕೂಡಿಹೋಯಿತು.

ಅವರು ಅವಳನ್ನು ಒಳಗೆ ಕರೆದು ಕೇಳಬಹುದಿತ್ತು. ಭಾನುವಾರ ಬೆಳಿಗ್ಗೆ, ಗಿರಣಿಯ ಮುಂದೆ ಡಬ್ಬಗಳ ಸಾಲು ಬೀದಿಯವರೆಗೆ ಹೋಗಿದ್ದಾಗ, ಎಲ್ಲರೆದುರಿಗೆ ಕೂಗಿ ಕರೆದರು. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು.

"ಇಂಜಿನ್ ನೀರು ಹಿಡ್ಕೊತಾ ಇದ್ದೀಯ ನೀನು?"

"ಇಲ್ರೀ. ನಾ ಆ ಕಡೆ ಹೋಗೂದ ಇಲ್ಲ."

"ಮೊನ್ನೆ ಮಗೀಗೆ ನೀರು ಹಾಕ್ತಿದ್ದೆ. ಹೊಗೆ ಆಡ್ತಿತ್ತು. ನಿನ್ನ ಸ್ಟೋವ್ ಹಚ್ಚಿರಲಿಲ್ಲ, ನಾನೇ ಕಣ್ಣಾರೆ ನೋಡ್ದೆ."

"ಸೀಮೆಎಣ್ಣಿ ಇರಲಿಲ್ರೀ. ಜಯಕ್ಕಾರು ಕೊಟ್ಟಿದ್ರು."

ಜಯಕ್ಕ ಎಂದರೆ ನಮ್ಮಮ್ಮ. ಅಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಹೌದು ಭಾವ, ನಮ್ಮ ಹಂಡೆಯಿಂದ ನಾನೇ ಕೊಟ್ಟೆ."

"ನೀನು ಸುಮ್ನಿರು. ಅವಳ ಪರ ವಕಾಲತ್ತು ಬೇಡ," ಎಂದರು ದೊಡ್ಡಪ್ಪ. ಆಮೇಲೆ ಕಸ್ತೂರಿಯ ಕಡೆ ತಿರುಗಿ, "ಕದ್ದಿಲ್ಲ ಅಂದ್ರೆ ಮಗು ತಲೆ ಮೇಲೆ ಕೈ ಇಟ್ಟು ಆಣೆ ಮಾಡು. ಅಲ್ಲಿಗೆ ಮುಗೀತು," ಎಂದರು.

ಕಸ್ತೂರಿ ಕೂಸನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ನೀರಿನ ಸಲುವಾಗಿ ನನ್ನ ಮಗಳ ತಲಿ ಮ್ಯಾಲ ಆಣಿ ಮಾಡೂದಿಲ್ರೀ. ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ."

"ನೋಡಿದ್ರಲ್ಲ," ಎಂದು ದೊಡ್ಡಪ್ಪ ಸಾಲಿಗೆ ಹೇಳಿದರು. "ಕದೀದೇ ಇದ್ರೆ ಭಯ ಯಾಕೆ?"

ನಾನು ಆಮೇಲೆ ಎಷ್ಟೋ ಕಡೆ ಎಷ್ಟೋ ರೀತಿಯ ಅವಮಾನಗಳನ್ನು ನೋಡಿದ್ದೇನೆ. ಆದರೆ ತಾಯಿಯೊಬ್ಬಳು ತನ್ನ ಕೂಸಿನ ಮೇಲೆ ಆಣೆ ಹಾಕಲು ಒಪ್ಪದಿದ್ದದ್ದೇ ಅವಳು ಕಳ್ಳಿ ಎಂಬುದಕ್ಕೆ ಸಾಕ್ಷಿಯಾದ ಆ ಬೆಳಗಿನಂಥದ್ದನ್ನು ಇನ್ನೆಲ್ಲೂ ಕಂಡಿಲ್ಲ. ಸಾಲಿನಲ್ಲಿದ್ದ ಹೆಂಗಸರು ಕಸ್ತೂರಿಯನ್ನು ಬಲ್ಲವರು. ಅವಳ ಕೂಸನ್ನು ಎತ್ತಿ ಆಡಿಸಿದವರು. ಒಬ್ಬರೂ ಬಾಯಿ ಬಿಡಲಿಲ್ಲ, ತಮ್ಮ ತಮ್ಮ ಡಬ್ಬಗಳನ್ನು ಒಂದು ಹೆಜ್ಜೆ ಮುಂದಕ್ಕೆ ಸರಿಸಿಕೊಂಡರು. ನಮ್ಮ ಅಪ್ಪ ಗಿರಣಿಯ ಬಾಗಿಲಲ್ಲೇ ನಿಂತಿದ್ದರು. ಅವರೂ ಬಾಯಿ ಬಿಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಾನು ಕೇಳಿದೆ.

"ದೊಡ್ಡಪ್ಪ ಹೇಳಿದ್ದು ಸುಳ್ಳು ಅಂತ ನಿಮಗೆ ಗೊತ್ತಲ್ವಾಪ್ಪ?"

"ಅಣ್ಣ ದೊಡ್ಡೋರು. ಎದುರಾಡಿದ್ರೆ ಚೆನ್ನಾಗಿರಲ್ಲ. ಊಟ ಮಾಡು."

ಮರುದಿನ ದೊಡ್ಡಪ್ಪ ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಬೀಗ ಹಾಕಿದ ಮೇಲೂ ನೀರು ಇಳಿಯಿತು. ಬುದ್ಧಿ ಇರುವ ಯಾರಿಗೇ ಆಗಲಿ ವಿಷಯ ಅಲ್ಲಿಗೆ ಬಗೆಹರಿಯಬೇಕಿತ್ತು. ದೊಡ್ಡಪ್ಪ, ಅವಳು ಇನ್ನೊಂದು ಕೀಲಿ ಮಾಡಿಸಿಕೊಂಡಿದ್ದಾಳೆ ಎಂದರು. ಆ ವಾರವೇ ಈರಣ್ಣ ಲಗೇಜ್ ಆಟೋ ತಂದು ಟ್ರಂಕು, ಸ್ಟೋವು, ರೊಟ್ಟಿ ಬಡಿಯುವ ಕಲ್ಲು ಎಲ್ಲ ಹೇರಿದ. ಅವನು ದೊಡ್ಡಪ್ಪನಿಗೆ ನಮಸ್ಕಾರ ಮಾಡಿದ, ಕಸ್ತೂರಿ ಮಾಡಲಿಲ್ಲ. ಅವರು ಹೋದ ಮೇಲೂ ನೀರು ಇಳಿಯುತ್ತಲೇ ಇತ್ತು. ಹೋಗುವಾಗ ನಲ್ಲಿ ಕೆಡಿಸಿ ಹೋದಳು ಎಂದರು ದೊಡ್ಡಪ್ಪ. ನಾನು ಬಗ್ಗಿ ಆ ನಲ್ಲಿಯ ಬಾಯಿಗೆ ಬೆರಳಿಟ್ಟು ನೋಡಿದೆ. ಬೆರಳಿಗೆ ಧೂಳು ಹತ್ತಿತು.

ಒಂದು ಮಧ್ಯಾಹ್ನ ಅಮ್ಮ ದೊಡ್ಡಪ್ಪನ ಪಂಚೆಗಳನ್ನು ಒಗೆಯುತ್ತ ಇದ್ದಕ್ಕಿದ್ದಂತೆ ನನ್ನನ್ನು ಕರೆದಳು.

"ಮಣಿ ಏನಂದ ಹೇಳು. ಕೆಳಗೆ ಸೋರಿಲ್ಲ. ಎಣ್ಣೆಗೆ ಹೋಗಿಲ್ಲ. ಹೊಗೇಲಿ ಹೋಗಿಲ್ಲ. ಅಲ್ವ?"

"ಹೂಂ."

"ಹಂಗಾದ್ರೆ ಉಳಿದಿರೋ ದಾರಿ ಒಂದೇ. ಆ ಡ್ರಮ್ಮಲ್ಲಿ ಎರಡು ನೀರೂ ಅಕ್ಕಪಕ್ಕದಲ್ಲೇ ಹೋಗ್ತವೆ. ಒಳಗಿನ ಕೊಳವೆ ತೂತಾಗಿದ್ರೆ ಈ ನೀರು ಆ ನೀರಿಗೆ ಸೇರ್ಕೊಂಡು ತೊಟ್ಟೀಗೆ ಹೋಗುತ್ತೆ. ನೀರಿಗೆ ನೀರು ಸೇರಿದ್ರೆ ಯಾರ ಕಣ್ಣಿಗೆ ಕಾಣುತ್ತೆ?"

ಅವಳ ಪಕ್ಕದಲ್ಲಿ ಬಟ್ಟೆಗೆ ಹಾಕುವ ನೀಲಿಯ ಬಾಟಲಿ ಇತ್ತು. ಅವಳು ಅದನ್ನೇ ನೋಡುತ್ತಿದ್ದಳು.

ಅಮ್ಮ ಕದ್ದು ಮುಚ್ಚಿ ಏನೂ ಮಾಡಲಿಲ್ಲ. ಮರುದಿನ ಬೆಳಿಗ್ಗೆ ದೊಡ್ಡಪ್ಪ ಒಳನೀರು ತುಂಬಲು ಶೆಡ್ಡಿನ ಬೀಗ ತೆಗೆದಾಗ ನೇರವಾಗಿ ಹೋಗಿ, ನೀರಿಗೆ ನೀಲಿ ಹಾಕಿ ನೋಡೋಣ ಎಂದಳು.

"ಇಂಜಿನ್ ಹಾಳಾದ್ರೆ?" ಎಂದರು ದೊಡ್ಡಪ್ಪ.

"ಕಸ್ತೂರಿ ಬಂದು ಹಾಳ್ಮಾಡಿದ್ಲು ಅಂತ ಹೇಳಿ."

ಅಮ್ಮ ಅವರೆದುರು ಹಾಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ದೊಡ್ಡಪ್ಪನಿಗೂ ಅದು ಹೊಸದಾಗಿರಬೇಕು, ಅಡ್ಡ ಬರಲಿಲ್ಲ. ಅಮ್ಮ ಬಾಟಲಿಯನ್ನು ಒಳನೀರಿನ ತೊಟ್ಟಿಗೆ ಬಗ್ಗಿಸಿ ಪೂರ್ತಿ ಸುರಿದಳು. ಇಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ನಿಲ್ಲಿಸಿದರು. ತೊಟ್ಟಿಯಿಂದ ಬರುವ ನೀರನ್ನು ಕಟ್ಟಿದರು. ಡ್ರಮ್ಮಿನಿಂದ ತೊಟ್ಟಿಗೆ ಹೋಗುವ ಪೈಪನ್ನು ದೊಡ್ಡಪ್ಪನ ಕೈಯಿಂದಲೇ ಬಿಚ್ಚಿಸಿದಳು ಅಮ್ಮ. ಉಳಿದಿದ್ದ ತಿಳಿನೀರು ದಬದಬ ಸುರಿದು ಮುಗಿಯಿತು. ಈಗ ಆ ಬಾಯಿಂದ ಏನೂ ಬರಬಾರದು. ನಾನು ಕೆಳಗೆ ಬಿಳಿ ಪಿಂಗಾಣಿ ತಟ್ಟೆ ಹಿಡಿದು ಕುಕ್ಕರಗಾಲಲ್ಲಿ ಕೂತೆ. ಸ್ವಲ್ಪ ಹೊತ್ತು ಇಂಜಿನ್ ತಣಿಯುವ ಟಿಕ್ ಟಿಕ್ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಒಂದು ಹನಿ ತಟ್ಟೆಗೆ ಬಿತ್ತು. ಅದರ ಹಿಂದೆ ಇನ್ನೊಂದು. ಬಿಳಿ ತಟ್ಟೆಯ ಮೇಲೆ ಅಚ್ಚ ನೀಲಿ. ಒಳಗೆ ಒತ್ತಡ ಇರುವವರೆಗೂ ಅದು ನಿಲ್ಲದೆ ತೊಟ್ಟಿಕ್ಕಿತು. ಯಾವುದೋ ಕಾಲದಲ್ಲಿ ಉಪ್ಪುನೀರು ತಿಂದುಹಾಕಿದ್ದ ಕೊಳವೆ ನಮ್ಮ ಅಂಗಳಕ್ಕೆ ಬಂದ ಮೇಲೆ ತೂತಾಗಿತ್ತು, ಅಷ್ಟೇ.

ದೊಡ್ಡಪ್ಪ ಬಗ್ಗಿ ತಟ್ಟೆ ನೋಡಿದರು.

"ತೂತು ಬಿದ್ದಿದೆ. ಲೇತಿನವನಿಗೆ ಹೇಳ್ಬೇಕು."

"ಕಸ್ತೂರಿಗೆ?" ಎಂದಳು ಅಮ್ಮ.

"ಅವಳಿಗೇನು?"

"ಕಳ್ಳಿ ಅಂದ್ರಲ್ಲ ಭಾವ."

"ಹೋದ್ಲಲ್ಲ, ಬಿಡು. ಬಾಡಿಗೆಗೆ ಬೇರೆಯವರು ಬರ್ತಾರೆ."

ಡ್ರಮ್ಮಿನ ಕೊಳವೆಗಳನ್ನು ಹೊರಗೆಳೆದು, ತೂತಾಗಿದ್ದ ಒಂದರ ಎರಡೂ ಬಾಯಿಗೆ ಲೇತಿನವನು ಹಿತ್ತಾಳೆ ಬಿರಡೆ ಹೊಡೆದುಕೊಟ್ಟ. ನೀರು ಇಳಿಯುವುದು ನಿಂತಿತು. ದೊಡ್ಡಪ್ಪ ಗಿರಾಕಿಗಳಿಗೆ ಕಥೆ ಹೇಳತೊಡಗಿದರು. ಮೆಕ್ಯಾನಿಕ್ಕಿಗೂ ಗೊತ್ತಾಗಲಿಲ್ಲ, ನಾನು ನೀಲಿ ಹಾಕಿ ಕಂಡುಹಿಡಿದೆ ಎಂದು. ನನಗೆ ಮೈಯೆಲ್ಲ ಉರಿಯಿತು. ಆದರೆ ಅಮ್ಮನಿಗೆ ಆ ಬಗ್ಗೆ ಏನೂ ಅನಿಸಲಿಲ್ಲ.

"ನೀಲಿ ಯಾರು ಹಾಕಿದ್ರು ಅನ್ನೋದು ಬಿಡೇ. ಅವಳ ಹೆಸರು ಎತ್ತುತಾರಾ ಅಂತ ಕಾಯ್ತಿದ್ದೀನಿ," ಎಂದಳು.

ಎತ್ತಲಿಲ್ಲ. ಮುಂದಿನ ಭಾನುವಾರ ಕರೆಂಟು ಹೋಗಿ, ಇಂಜಿನ್ ಓಡುತ್ತಿತ್ತು, ಸಾಲು ಬೀದಿಗೆ ಬಂದಿತ್ತು. ಅಮ್ಮ ಶೆಡ್ಡಿಗೆ ಹೋಗಿ ಇಂಜಿನ್ ನಿಲ್ಲಿಸಿದಳು. ಬೆಲ್ಟು ಜೋತುಬಿದ್ದು ಗಿರಣಿಯ ಕಲ್ಲುಗಳು ಸುಮ್ಮನಾದವು. ಅಮ್ಮ ಹೊರಗೆ ಬಂದು ಸಾಲಿನ ಮುಂದೆ ನಿಂತಳು.

"ಮೊನ್ನೆ ಇಲ್ಲಿ ಕಸ್ತೂರಿನ ಕಳ್ಳಿ ಅಂದ್ರು. ನೀವೆಲ್ಲ ಇದ್ರಿ. ಅವಳು ಏನೂ ಕದ್ದಿಲ್ಲ. ನಮ್ಮ ಇಂಜಿನ್ ಒಳಗೇ ತೂತಿತ್ತು. ತಪ್ಪು ನಮ್ಮನೇದು. ಅವತ್ತು ಕೇಳಿಸ್ಕೊಂಡವರು ಇವತ್ತು ಇದನ್ನೂ ಕೇಳಿಸ್ಕೊಳ್ಳಿ."

ಒಬ್ಬ ಮುದುಕ "ಪಾಪ" ಎಂದ, ಯಾರ ಬಗ್ಗೆ ಎಂದು ಗೊತ್ತಾಗಲಿಲ್ಲ. ಅಮ್ಮ ಒಳಗೆ ಹೋಗಿ ಪಲ್ಯಕ್ಕೆ ಹೆಚ್ಚಲು ಕೂತಳು. ದೊಡ್ಡಪ್ಪ ಎಲ್ಲರ ಕಣ್ಣೆದುರು ಎದ್ದು ಹೋಗಿ, ಬಿಳಿ ಅಂಗಿಯ ತೋಳು ಮಡಚಿ, ಹ್ಯಾಂಡಲ್ ತಿರುಗಿಸಿ ಇಂಜಿನ್ ಶುರು ಮಾಡಬೇಕಾಯಿತು.

ಅಷ್ಟಕ್ಕೇ ನನಗೆ ಗೆದ್ದಂತೆ ಅನಿಸಿತ್ತು. ಅಮ್ಮನಿಗೆ ಅನಿಸಿರಲಿಲ್ಲ. ಕೇಳಬೇಕಾದವಳು ಕೇಳಿಲ್ಲವಲ್ಲ ಎನ್ನುತ್ತಿದ್ದಳು. ಅಪ್ಪನನ್ನು ಕರೆದಳು, ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟು ಇತ್ತು. ನಾವಿಬ್ಬರೇ ಬಸ್ಸು ಹಿಡಿದು ಬಿಟಿಎಂಗೆ ಹೋಗಿ, ಈರಣ್ಣನ ಆಫೀಸಿನ ಗೇಟಿನಲ್ಲಿ ವಿಳಾಸ ಕೇಳಿಕೊಂಡು, ಮೇಲಿನ ಮಹಡಿಯ ಒಂದು ಕೋಣೆಯ ಬಾಗಿಲು ತಟ್ಟಿದೆವು. ಕಸ್ತೂರಿ ಬಾಗಿಲು ತೆಗೆದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಒಳಗೆ ಕರೆದು, ಚಾಪೆ ಹಾಸಿ, ಸ್ಟೋವಿನ ಮೇಲೆ ಚಹಾಕ್ಕೆ ಇಟ್ಟಳು. ಕೂಸು ಈಗ ಗೋಡೆಗೆ ಒರಗಿ ಕೂರುತ್ತಿತ್ತು. ಅಮ್ಮ ನೀಲಿ ಹಾಕಿದ್ದು, ಹನಿ ಬಿದ್ದದ್ದು, ಸಾಲಿನ ಮುಂದೆ ಹೇಳಿದ್ದು ಎಲ್ಲವನ್ನೂ ವಿವರವಾಗಿ ಹೇಳಿ, ಕೊನೆಗೆ, "ನೀನು ಕದ್ದಿಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು ಕಸ್ತೂರಿ," ಎಂದಳು.

"ನನಗ ಮೊದಲ ಗೊತ್ತಿತ್ತಲ್ರೀ ಅಕ್ಕ," ಎಂದಳು ಕಸ್ತೂರಿ.

ಕಸ್ತೂರಿ ಚಹಾ ಸೋಸುತ್ತ ಕೇಳಿದಳು.

"ಅವರು ಬರ್ಲಿಲ್ಲೇನ್ರೀ?"

"ಇಲ್ಲ."

"ಅಂದವರು ಅವರು. ಹೇಳಾಕ ಬಂದವರು ನೀವು," ಎಂದು ಲೋಟ ಮುಂದಿಟ್ಟಳು. ಆಮೇಲೆ ಊರಿನ ಸುದ್ದಿ, ಕೂಸಿನ ಜ್ವರದ ಸುದ್ದಿ ಮಾತಾಡಿದಳು. ನಮ್ಮ ಮನೆಯ ಮಾತು ಮತ್ತೆ ಎತ್ತಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಸಿಡಿಮಿಡಿಗುಟ್ಟುತ್ತಿದ್ದೆ. ಇಷ್ಟು ದೂರ ಬಂದರೆ ಹೀಗಾ ಮಾತಾಡುವುದು ಎಂದೆ. ಅಮ್ಮ ಕಿಟಕಿಯಿಂದ ಮುಖ ತಿರುಗಿಸಿ, "ಅವಳು ಹೇಳಿದ್ದು ಸರಿಯಾಗಿದೆ. ಕೆಲಸ ಅರ್ಧಾನೇ ಆಗಿರೋದು," ಎಂದಳು.

ಆ ರಾತ್ರಿ ದೊಡ್ಡಪ್ಪ ಎಂದಿನಂತೆ ಮಣೆಯ ಮೇಲೆ ಕೂತರು. ಅಮ್ಮ ತಟ್ಟೆ ಇಟ್ಟಳು. ಮುದ್ದೆಯ ಪಾತ್ರೆ, ಸೊಪ್ಪಿನ ಸಾರಿನ ಪಾತ್ರೆ ಅವರ ಕೈಗೆಟಕುವಂತೆ ಇಟ್ಟಳು. ಸೌಟನ್ನೂ ಇಟ್ಟು ಎದ್ದಳು.

"ಬಡಿಸ್ಕೊಳ್ಳಿ ಭಾವ."

ದೊಡ್ಡಪ್ಪ ಅಪ್ಪನ ಮುಖ ನೋಡಿದರು. ಅಪ್ಪ ತಮ್ಮ ತಟ್ಟೆ ನೋಡಿಕೊಂಡರು.

"ಇದೇನು ಹೊಸದು?" ಎಂದರು ದೊಡ್ಡಪ್ಪ.

"ಬಿಟಿಎಂಗೆ ಹೋಗಿ ಕಸ್ತೂರಿ ಹತ್ರ ಒಂದು ಮಾತು ಹೇಳಿ ಬನ್ನಿ. ಆಮೇಲೆ ಮೊದಲಿನ ಹಾಗೇ ಬಡಿಸ್ತೀನಿ."

ಅವರು ಹೋಗಲಿಲ್ಲ. ಅಮ್ಮನೂ ಬಡಿಸಲಿಲ್ಲ. ಅಡುಗೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಅವರಿಗೆ ಇಷ್ಟವಾದ ಬಸ್ಸಾರು, ಹಬ್ಬದ ಒಬ್ಬಟ್ಟು, ಕಾಯಿಲೆ ಬಿದ್ದಾಗ ಗಂಜಿ, ಎಲ್ಲ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ವರ್ಷಗಳು ಕಳೆದವು, ನಾನು ಕಾಲೇಜು ಮುಗಿಸಿದೆ, ಕೆಲಸಕ್ಕೆ ಸೇರಿದೆ, ದೊಡ್ಡಪ್ಪ ತಾವೇ ಬಡಿಸಿಕೊಂಡು ಉಣ್ಣುತ್ತಲೇ ಇದ್ದರು. ಕೊನೆಕೊನೆಗೆ ಅವರ ಕೈ ನಡುಗಿ ಸೌಟು ಹಿಡಿಯಲಾಗದಿದ್ದಾಗ ನಮ್ಮ ಅಪ್ಪ, ಜೀವಮಾನದಲ್ಲಿ ಯಾರಿಗೂ ಬಡಿಸದಿದ್ದ ಅಪ್ಪ, ಪಕ್ಕದಲ್ಲಿ ಕೂತು ಅಣ್ಣನಿಗೆ ಬಡಿಸುವುದನ್ನು ಕಲಿತರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳುತ್ತಿದ್ದಳು:

"ಇನ್ನೊಂದು ಚೂರು ಮುದ್ದೆ ಬೇಕಾ ಕೇಳಿ ಅವರನ್ನ."